ಸ್ಯಾಕ್ರಮೆಂಟೊದ ಕೆಂಪು ಮೂತಿಯ ರೈಲು

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ನಮ್ಮ ಹೆಂಗಸರನ್ನು ಕೇಳಿ ನೋಡಿ. ಸ್ಯಾನ್‌ಫ್ರಾನ್ಸಿಸ್ಕೊದ ತೂಗುಸೇತುವೆ, ನಯಾಗರ ಜಲಪಾತ, ಊರಗಲದ ಅಂಗಡಿಗಳು, ಇಷ್ಟು ಹೇಳಿ ಮುಗಿಸಿಬಿಡುತ್ತಾರೆ. ಸ್ಯಾಕ್ರಮೆಂಟೊದ ರೈಲು ಮ್ಯೂಸಿಯಂ ನೋಡಿದೆ ಅನ್ನುವವರು ಅಪರೂಪ. ‘ರೈಲು, ಎಂಜಿನ್ನು ಎಲ್ಲಾ ಗಂಡಸರ ವಿಷಯ, ನಮಗ್ಯಾಕೆ?’ ಅಂತ ಪುಟ ಮಗುಚಬೇಡಿ. ಅಲ್ಲಿ ಅಡುಗೆಮನೆ ಇದೆ, ಪಿಂಗಾಣಿ ತಟ್ಟೆಗಳಿವೆ. ನಮ್ಮ ರಂಗೋಲಿಯಷ್ಟೇ ನಾಜೂಕಾದ ಒಂದು ಕೈಕೆಲಸದ ಪರಿಚಯವೂ ನನಗಾದದ್ದು ಅಲ್ಲಿಂದಲೇ.

ಸ್ಯಾಕ್ರಮೆಂಟೊ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ. ಮಗಳ ಬಾಣಂತನಕ್ಕೆಂದು ಹೋದ ನಾನು ಅಲ್ಲಿ ಐದು ತಿಂಗಳಿದ್ದೆ. ಹಳೇ ಊರಿನ ಭಾಗ ನದಿಯ ದಂಡೆಯ ಮೇಲಿದೆ. ಹಲಗೆ ಹಾಸಿದ ಕಾಲುದಾರಿ, ಮರದ ಕಂಬಗಳ ಜಗಲಿ, ನಮ್ಮ ಹಳೇ ಪೇಟೆಬೀದಿಯ ನೆನಪು ತರುವ ಅಂಗಡಿಸಾಲು. 1863ರಲ್ಲಿ ಇಲ್ಲಿಂದಲೇ ಪೂರ್ವದಿಕ್ಕಿಗೆ ರೈಲುದಾರಿ ಹಾಕಲು ಆರಂಭಿಸಿದರು. ಸಾವಿರಾರು ಚೀನೀ ಕೂಲಿಗಳು ಹಿಮದ ಬೆಟ್ಟಗಳನ್ನು ಕೊರೆದರು. 1869ರ ಮೇ 10ರಂದು ಯೂಟಾ ಪ್ರಾಂತ್ಯದ ಪ್ರಾಮಂಟರಿ ಎಂಬಲ್ಲಿ ಈ ದಾರಿ ಪೂರ್ವದಿಂದ ಬಂದ ದಾರಿಯನ್ನು ಕೂಡಿಕೊಂಡಿತು. ಈಗಿನ ದೊಡ್ಡ ಮ್ಯೂಸಿಯಂ ಕಟ್ಟಡ ತೆರೆದದ್ದು 1981ರಲ್ಲಿ.

ಒಳಗೆ ಉಗಿಯ ಎಂಜಿನ್ನುಗಳ ನಡುವೆ ನನ್ನ ಕಣ್ಣು ನಿಂತದ್ದು ಒಂದು ಡೀಸೆಲ್ ಎಂಜಿನ್ನಿನ ಮೇಲೆ. ಸಾಂಟಾ ಫೆ ರೈಲ್ವೆಯದು, ನಂಬರು 347-ಸಿ, 1949ರಲ್ಲಿ ತಯಾರಾದದ್ದು. ಮೈಯೆಲ್ಲ ಬೆಳ್ಳಿ, ದುಂಡನೆಯ ಮೂತಿ ಕುಂಕುಮದಂಥ ಕೆಂಪು. ಎರಡೂ ಕೂಡುವಲ್ಲಿ ಹಳದಿ ಮತ್ತು ಕಪ್ಪು ಎಳೆ. ಈ ಬಣ್ಣಗಾರಿಕೆಗೆ ‘ವಾರ್‌ಬಾನೆಟ್’ ಎಂದು ಹೆಸರು. ಅಂದರೆ ಅಲ್ಲಿನ ಮೂಲನಿವಾಸಿ ನಾಯಕರು ಧರಿಸುವ ಗರಿಗಳ ಶಿರೋಭೂಷಣ. ಜನರಲ್ ಮೋಟರ್ಸ್ ಕಂಪನಿಯ ಕಲಾವಿದ ಲೆಲಂಡ್ ನಿಕರ್‌ಬಾಕರ್ ಇದನ್ನು ರೂಪಿಸಿದ್ದು. 1937ರಲ್ಲಿ ಶಿಕಾಗೊ ಮತ್ತು ಲಾಸ್ ಏಂಜಲೀಸ್ ನಡುವೆ ಓಡುತ್ತಿದ್ದ ‘ಸೂಪರ್ ಚೀಫ್’ ಗಾಡಿಯ ಎಂಜಿನ್ನಿಗೆ ಮೊದಲು ಈ ಬಣ್ಣ ಬಂತು.

ಅದೇ ಸೂಪರ್ ಚೀಫ್‌ನ ಊಟದ ಡಬ್ಬಿಯೂ ಅಲ್ಲಿದೆ. ಹೆಸರು ‘ಕೊಚಿಟಿ’. ಹತ್ತಿ ನೋಡಬಹುದು. ಆ ಇಕ್ಕಟ್ಟಾದ ಅಡುಗೆಮನೆ ನೋಡಿದರೆ ‘ನಮ್ಮದೇ ಅರಮನೆ’ ಅನ್ನಿಸುತ್ತೆ! ಮೇಜುಗಳ ಮೇಲೆ ಬೇರೆ ಬೇರೆ ರೈಲ್ವೆಗಳ ಪಿಂಗಾಣಿ ಜೋಡಿಸಿಟ್ಟಿದ್ದಾರೆ. ಸೂಪರ್ ಚೀಫ್‌ಗೆಂದೇ ತಟ್ಟೆಬಟ್ಟಲುಗಳ ಚಿತ್ತಾರ ಮಾಡಿಕೊಟ್ಟವಳು ಮೇರಿ ಕೋಲ್ಟರ್ ಎಂಬ ಮಹಿಳೆ. ನ್ಯೂ ಮೆಕ್ಸಿಕೊದ ಪುರಾತನ ಮಡಕೆಗಳ ಮೇಲಿನ ಹಕ್ಕಿ, ಮೀನು, ಮೊಲಗಳನ್ನು ಅವಳು ತಟ್ಟೆಗಿಳಿಸಿದಳು. ಕಟ್ಟಡಗಳ ವಿನ್ಯಾಸಕ್ಕೆ ಹೆಂಗಸರು ಕೈಹಾಕುವುದೇ ಅಪರೂಪವಾಗಿದ್ದ ಕಾಲದಲ್ಲಿ ಹೆಸರು ಮಾಡಿದ ಶಿಲ್ಪಿ ಆಕೆ.

ನಮ್ಮನ್ನು ಅಲ್ಲಿಗೆ ಕರೆದೊಯ್ದವರು ಮಗಳ ಪಕ್ಕದ ಮನೆಯ ಹಿರಿಯರು. ಎಂಬತ್ತರ ಅಂಚು, ಹೆಂಡತಿ ತೀರಿಹೋಗಿದ್ದಾರೆ. ಮೇಲಂತಸ್ತಿನಲ್ಲಿ ಆಟದ ರೈಲುಗಳ ದೊಡ್ಡ ಸಂಗ್ರಹವಿದೆ. ನಾನು ಮೊಮ್ಮಗುವಿಗೆ ತೋರಿಸುತ್ತಾ ನಿಂತಿದ್ದಾಗ ಅವರು ಹೇಳಿದರು: “ಇವು ಆಟದ ಸಾಮಾನು. ಮಾದರಿ ಅಂದರೆ ಬೇರೆ. ನಾಳೆ ನಮ್ಮ ಮನೆಗೆ ಬನ್ನಿ, ತೋರಿಸ್ತೇನೆ.”

ಅವರ ಕಾರಿನ ಶೆಡ್ಡಿನಲ್ಲಿ ಒಂದು ಮೇಜು, ಒಂದು ದೀಪ, ಒಂದು ಭೂತಗನ್ನಡಿ. ಮೇಜಿನ ಮೇಲೆ ಏಳಂಗುಲ ಉದ್ದದ ಎಂಜಿನ್ನು. ನಿಜವಾದದ್ದು ಸುಮಾರು ಐವತ್ತು ಅಡಿ; ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿದರೆ ಇಷ್ಟಾಗುತ್ತದೆ. ಪಕ್ಕದಲ್ಲಿ ಒಂದು ಕಪ್ಪುಬಿಳುಪು ಫೋಟೊ. ಬಾರ್‌ಸ್ಟೊ ಎಂಬ ಮರುಭೂಮಿಯ ಊರಿನ ನಿಲ್ದಾಣ, 1953ನೇ ಇಸವಿ. ಎಂಜಿನ್ನಿನ ಬಾಗಿಲಲ್ಲಿ ಕೈಯೂರಿ ನಿಂತ ಡ್ರೈವರು ಇವರ ತಂದೆ.

“ಅಂಗಡಿಯಲ್ಲಿ ಸಿದ್ಧ ಎಂಜಿನ್ನು ಸಿಗೋದಿಲ್ಲವೇ?” ಅಂದೆ. ಸಿಗುತ್ತದಂತೆ. ಆದರೆ ಅದು ‘ಒಂದು’ ಎಂಜಿನ್ನು. ಇವರಿಗೆ ಬೇಕಾದದ್ದು ‘ಆ’ ಎಂಜಿನ್ನು: ಆ ನಂಬರಿನದು, ಆ ವರ್ಷ ಇದ್ದ ಹಾಗೆ. ಒಂದೇ ಜಾತಿಯ ಎಂಜಿನ್ನುಗಳಲ್ಲೂ ಒಂದಕ್ಕೊಂದು ವ್ಯತ್ಯಾಸವಿರುತ್ತದೆ. ಒಂದರ ಹಾರ್ನು ಮುಂದೆ, ಇನ್ನೊಂದರದು ಹಿಂದೆ. ಪ್ರಯಾಣಿಕರ ಗಾಡಿ ಎಳೆಯುವ ಎಂಜಿನ್ನಿನ ಹಿಂಭಾಗದಲ್ಲಿ ಒಂದು ಬಾಯ್ಲರ್ ಇರುತ್ತಿತ್ತು. ಚಳಿಗಾಲದಲ್ಲಿ ಡಬ್ಬಿಗಳನ್ನು ಬೆಚ್ಚಗಿಡುವ ಉಗಿ ಅದರಿಂದಲೇ ಬರಬೇಕು. ಅದರ ಪುಟ್ಟ ಹೊಗೆಕೊಳವೆ ಚಾವಣಿಯ ಮೇಲೆ ಕಾಣಬೇಕು. ಇಲ್ಲದಿದ್ದರೆ ತಿಳಿದವರು ‘ಇದು ಗೂಡ್ಸ್ ಎಂಜಿನ್ನು’ ಅಂದುಬಿಡುತ್ತಾರೆ. ಫೋಟೊ ನೋಡಿ ನೋಡಿ ಇವರು ಸೂಜಿಮೊನೆಯಂಥ ರಂಧ್ರ ಕೊರೆದು, ಹಿತ್ತಾಳೆಯ ತಂತಿ ಬಗ್ಗಿಸಿ, ಹತ್ತುವ ಹಿಡಿಕೆಗಳನ್ನು ಒಂದೊಂದಾಗಿ ಕೂಡಿಸಿದ್ದರು.

ಇನ್ನು ಬಣ್ಣ. ಮೊದಲು ಸೋಪಿನ ನೀರಲ್ಲಿ ತೊಳೆದು ಒಣಗಿಸಬೇಕು. ಬೆರಳಿನ ಜಿಡ್ಡಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ತೆಳುವಾಗಿ ಬೂದುಬಣ್ಣದ ಅಸ್ತರು, ಅದರ ಮೇಲೆ ಬೆಳ್ಳಿ. ಬೆಳ್ಳಿ ಉಳಿಯಬೇಕಾದ ಜಾಗಕ್ಕೆ ಅಂಟುಪಟ್ಟಿ ಒತ್ತಿ, ಪಟ್ಟಿಯ ಅಂಚಿಗೆ ಇನ್ನೊಮ್ಮೆ ಬೆಳ್ಳಿಯನ್ನೇ ಸಿಂಪಡಿಸಿ, ಆಮೇಲೆ ಕೆಂಪು. ಹಾಗೆ ಮಾಡಿದರೆ ಸಂದುಗಳೆಲ್ಲ ಬೆಳ್ಳಿಯಿಂದಲೇ ಮುಚ್ಚಿಹೋಗಿ ಕೆಂಪು ಒಳಕ್ಕೆ ಹರಿಯುವುದಿಲ್ಲ. ನಂಬರು, ಹೆಸರು, ಹಳದಿ ಎಳೆ ಇವೆಲ್ಲ ತೆಳುಪೊರೆಯ ಮೇಲೆ ಅಚ್ಚಾಗಿ ಬರುತ್ತವೆ. ನೀರಲ್ಲಿ ನೆನೆಸಿ ಜಾರಿಸಿ ಕೂರಿಸಬೇಕು. ಅದಕ್ಕೂ ಮುಂಚೆ ಮೈಗೆ ಹೊಳಪಿನ ವಾರ್ನಿಷ್ ಕೊಡಬೇಕು. ಒರಟು ಮೈಯ ಮೇಲೆ ಕೂರಿಸಿದರೆ ಪೊರೆಯಡಿ ಗಾಳಿ ನಿಂತು ಬೆಳ್ಳಗೆ ಕಾಣುತ್ತದೆ. ಕೊನೆಗೆ ಹೊಳಪು ಅಡಗಿಸುವ ಇನ್ನೊಂದು ವಾರ್ನಿಷ್.

ಅವರ ಒಂದು ಕಣ್ಣು ಮಂಜಾಗಿತ್ತು, ಇನ್ನೊಂದೂ ಅದೇ ಹಾದಿ ಹಿಡಿದಿತ್ತು. ಹಳದಿ ಎಳೆ ಎರಡು ತಿಂಗಳಿಂದ ಹಾಗೇ ಬಾಕಿ. ಕೈ ನಡುಗುತ್ತೆ ಅಂದರು. ನಮ್ಮ ಮಗಳು “ನಮ್ಮಮ್ಮನ ಕೈ ನಡುಗೋದಿಲ್ಲ, ದಿನಾ ರಂಗೋಲಿ ಹಾಕ್ತಾರೆ” ಅಂದುಬಿಟ್ಟಳು. ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, ಚಿಮುಟ ನನ್ನ ಕೈಗೆ ಕೊಟ್ಟರು. ಬೇರೆಯವರ ತಂದೆಯ ನೆನಪು ನನ್ನ ಬೆರಳ ತುದಿಯಲ್ಲಿ! ಉಸಿರು ಬಿಗಿಹಿಡಿದು, ಮೂತಿಯ ತಿರುವಿಗೆ ಸರಿಯಾಗಿ ಎಳೆಯನ್ನು ಜಾರಿಸಿದೆ. ಒದ್ದೆ ಕುಂಚದಿಂದ ಒಂದು ಕೂದಲೆಳೆಯಷ್ಟು ಈಚೆಗೆ ಸರಿಸಿದೆ. ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ತಲೆಯಾಡಿಸಿದರು.

ಮಾರನೇ ವಾರ ಹೋದರೆ, ಸೀಮೆಸುಣ್ಣದ ಕಂದುಪುಡಿ ಅರೆದು ಕುಂಚದಿಂದ ಚಕ್ರಗಳಿಗೆ ಬಳಿಯುತ್ತಿದ್ದಾರೆ! “ಅಯ್ಯೋ, ಇಷ್ಟು ಚೆಂದದ್ದಕ್ಕೆ ಕೊಳೆ ಯಾಕೆ?” ಅಂದೆ. ಪ್ರಯಾಣಿಕರ ಗಾಡಿಯಾದ್ದರಿಂದ ಮೈಯನ್ನು ಆಗಾಗ ತೊಳೆಯುತ್ತಿದ್ದರಂತೆ, ಹಾಗಾಗಿ ಮೇಲೆ ಧೂಳಿಲ್ಲ. ಚಕ್ರಗಳಿಗೆ ಮಾತ್ರ ಮರುಭೂಮಿಯ ಧೂಳು ಇರಲೇಬೇಕು. “ಅಪ್ಪ ಮನೆಗೆ ಬಂದಾಗ ಅವರ ಬೂಟಿನ ಮೇಲೂ ಇದೇ ಧೂಳು ಇರ್ತಿತ್ತು. ಈ ಬಣ್ಣ ನೆನಪಿರೋದು ಈಗ ನನಗೊಬ್ಬನಿಗೇ” ಅಂದರು. ಫೋಟೊದಲ್ಲಿ ಬಣ್ಣವಿಲ್ಲ. ಕಣ್ಣು ಪೂರ್ತಿ ಹೋಗುವುದರೊಳಗೆ ಮುಗಿಸುವ ಅವಸರ ಯಾಕೆಂದು ನನಗೆ ಆಗ ತಿಳಿಯಿತು.

ಇದು ದೂರದೇಶದ ಕಥೆ ಅಂತೀರಾ? ಆ ಕೆಂಪು ಮೂತಿಯ ಎಂಜಿನ್ನು ಮಾಡಿದ ಜನರಲ್ ಮೋಟರ್ಸ್‌ನ ಎಲೆಕ್ಟ್ರೋ-ಮೋಟಿವ್ ವಿಭಾಗವೇ ನಮ್ಮ ಡಬ್ಲ್ಯೂಡಿಪಿ-4 ಎಂಜಿನ್ನನ್ನೂ ವಿನ್ಯಾಸ ಮಾಡಿದ್ದು. 2001ರಲ್ಲಿ ಭಾರತಕ್ಕೆ ಬಂದ ಅವುಗಳ ತವರು ನಮ್ಮ ಹುಬ್ಬಳ್ಳಿಯ ಶೆಡ್ಡು. ಆ ಹೆಸರಿನಲ್ಲಿ ‘ಡಿ’ ಅಂದರೆ ಡೀಸೆಲ್, ‘ಪಿ’ ಅಂದರೆ ಪ್ಯಾಸೆಂಜರ್. ಈಗ ಮಾರ್ಗಗಳಿಗೆಲ್ಲ ವಿದ್ಯುತ್ ತಂತಿ ಬಂದು ಡೀಸೆಲ್ ಎಂಜಿನ್ನು ಕಡಿಮೆಯಾಗುತ್ತಿವೆ.

ನಿಮ್ಮ ಮನೆಯಲ್ಲಿ ರೈಲ್ವೆಯಲ್ಲಿ ದುಡಿದ ತಂದೆ, ಮಾವ, ಅಣ್ಣ ಯಾರಾದರೂ ಇದ್ದರೆ, ಸಂಜೆ ಕಾಫಿ ಕೊಡುವಾಗ ಕೇಳಿ: ಯಾವ ಎಂಜಿನ್ನು, ನಂಬರೇನು, ಮೈಗೆ ಯಾವ ಬಣ್ಣ, ಪಟ್ಟಿ ಎಲ್ಲಿತ್ತು? ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರಜೆಯಲ್ಲಿ ಮಕ್ಕಳಿಗೆ ರಟ್ಟು, ಬಣ್ಣ ಕೊಟ್ಟು ಅದೇ ಎಂಜಿನ್ನನ್ನು ಮಾಡಿಸಿ. ಅಜ್ಜನನ್ನು ಪಕ್ಕದಲ್ಲಿ ಕೂರಿಸಿ ತಪ್ಪು ತಿದ್ದಿಸಿ. ಚಕ್ರಕ್ಕೆ ಯಾವ ಊರಿನ ಧೂಳು ಅಂತ ಅವರನ್ನೇ ಕೇಳಿ.