ಸ್ವಿಚ್ಚಿಲ್ಲದ ನೀರು

ಅಮೆರಿಕದಿಂದ ಬಂದವರನ್ನು ಊರವರು ಮಾತಾಡಿಸುವುದಕ್ಕೆ ಒಂದು ಕ್ರಮವಿದೆ. "ಯಾವಾಗ ಬಂದದ್ದು?" ಎಂಬುದು ಮೊದಲು. "ಅಲ್ಲಿ ಊಟಕ್ಕೆಲ್ಲ ಹೇಗೆ?" ಎಂಬುದು ಆಮೇಲೆ. ಮೂರನೆಯದು ಪ್ರಶ್ನೆಯಲ್ಲ, ತೀರ್ಪು: "ಬೆಳ್ಳಗಾಗಿದ್ದೀರಿ." ಪೆರ್ಲ ಪೇಟೆಯಲ್ಲಿ ತರಕಾರಿ ಅಂಗಡಿಯಿಂದ ರಿಕ್ಷಾ ನಿಲ್ಲುವಲ್ಲಿಗೆ ಬರುವಷ್ಟರಲ್ಲಿ ಈ ಮೂರೂ ಮುಗಿದಿರುತ್ತವೆ. ನಮ್ಮವರಿಗೆ ಮಾತ್ರ ಮೂರನೆಯದನ್ನು ಯಾರೂ ಹೇಳಲಿಲ್ಲ. ಅವರು ಬಂದ ಮರುದಿನವೇ ಮುಂಡಾಸು ಕಟ್ಟಿ ತೋಟಕ್ಕಿಳಿದಿದ್ದರು.

ಮಗಳ ಬಾಣಂತನಕ್ಕೆಂದು ವಿಷು ಕಳೆದ ಮೇಲೆ ಹೊರಟವರು, ಅಲ್ಲಿನವರು ಇರಗೊಡುವ ಆರು ತಿಂಗಳನ್ನು ಪೂರಾ ಮುಗಿಸಿ ನವರಾತ್ರಿ ಕಳೆದು ಬಂದೆವು. ಮಕ್ಕಳು ಪರದೇಶದಲ್ಲಿರುವ ಅಡಕೆ ತೋಟದವರಿಗೆಲ್ಲ ಈಗ ಇದೇ ಪಂಚಾಂಗ. ನಡುವಿನ ಮಳೆಗಾಲ, ಕೊಳೆರೋಗ, ಮದ್ದು ಬಿಡುವ ಗಡಿಬಿಡಿ ಎಲ್ಲ ಇನ್ನೊಬ್ಬರ ಕೈಯಲ್ಲಿ. ಇವರು ಮಗಳಿರುವ ಸನಿವೇಲಿನ ಬಾಲ್ಕನಿಯಲ್ಲಿ ನಿಂತು "ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಕಡಿಮೆ ಮಾಡಬೇಡ ಮಾರಾಯ" ಎಂದು ಫೋನಿನಲ್ಲಿ ಕೂಗುವುದನ್ನು ಕೇಳಿ ಪಕ್ಕದ ಮನೆಯ ಚೀನೀ ಅಜ್ಜಿ ಕಿಟಕಿ ಹಾಕಿಕೊಂಡದ್ದೂ ಉಂಟು.

ಮನೆಗೆ ಬಂದು ಬೀಗ ತೆಗೆದರೆ ಎಲ್ಲ ಕಡೆ ಬೂಸ್ಟು. ಬಾಗಿಲ ದಾರಂದ, ಚಾಪೆ, ದೇವರ ಕೋಣೆಯ ಮಣೆ, ನನ್ನ ರೇಷ್ಮೆ ಸೀರೆಯ ಅಂಚು, ಯಾವುದನ್ನೂ ಬಿಟ್ಟಿರಲಿಲ್ಲ. ಹಲಸಿನ ಕಾಲಕ್ಕೆ ನಾನಿರಲಿಲ್ಲವಾದ್ದರಿಂದ ಉಪ್ಪುಸೊಳೆಯ ಭರಣಿ ಖಾಲಿ. ಇವೆಲ್ಲ ಒರೆಸಿದರೆ, ತೊಳೆದರೆ, ಮುಂದಿನ ವರ್ಷಕ್ಕೆ ಕಾದರೆ ಸರಿಯಾಗುವಂಥವು. ಆದರೆ ತೊಳೆಯೋಣವೆಂದು ನಳ್ಳಿ ತಿರುಗಿಸಿದರೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ನಮಗೆ ನೀರು ಬರುವುದು ಸುರಂಗದಿಂದ. ಎಣ್ಮಕಜೆ, ಬಾಯಾರು, ಶೇಣಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ಸುರಂಗವನ್ನು ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ, ಎತ್ತರ. ಹೊರಗೆ ಗಟ್ಟಿ ಮುರಕಲ್ಲು, ಒಳಗೆ ಹೋದಂತೆ ಮೆದುವಾದ ಶೇಡಿ ಮಣ್ಣು. ಒಬ್ಬ ಪಿಕ್ಕಾಸಿನಲ್ಲಿ ಅಗೆದರೆ ಇನ್ನೊಬ್ಬ ಮಣ್ಣು ಹೊರಗೆ ಸಾಗಿಸಬೇಕು. ಹತ್ತಿರ ಒಂದು ಮೇಣದ ಬತ್ತಿ ಉರಿಯುತ್ತಿರಬೇಕು. ಅದು ಮಂಕಾದರೆ ಗಾಳಿ ಸಾಲದೆಂದು ಅರ್ಥ, ಕೂಡಲೇ ಹೊರಗೆ ಬರಬೇಕು. ಅಳತೆ ಅಡಿಯಲ್ಲಲ್ಲ, ಕೋಲಿನಲ್ಲಿ. ಒಂದು ಕೋಲೆಂದರೆ 72 ಸೆಂಟಿಮೀಟರು. ತಳವನ್ನು ಬಾಯಿಯ ಕಡೆಗೆ ತುಸುವೇ ಇಳಿಜಾರಾಗಿ ಬಿಟ್ಟರೆ ಒಸರಿದ ನೀರು ತಾನಾಗಿ ಹರಿದು ಬರುತ್ತದೆ. ಮೊದಲು ಅಡಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಬರುತ್ತಿತ್ತು, ಈಗ ಪೈಪಿನಲ್ಲಿ ಟಾಂಕಿಗೆ. ಕರೆಂಟು ಬೇಡ, ಮೋಟಾರು ಬೇಡ, ಬಿಲ್ಲಂತೂ ಇಲ್ಲವೇ ಇಲ್ಲ.

ನಮ್ಮದನ್ನು ಮಾವನವರು ತೋಡಿಸಿದ್ದು 1956ರ ಬೇಸಿಗೆಯಲ್ಲಿ. ಆಗ ಈ ಮನೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಮಳೆ ಕಳೆದು ನವೆಂಬರ್ 1 ಬಂದಾಗ ಕೇರಳದಲ್ಲಿತ್ತು. ನಾವು ವೀಸಾಕ್ಕೆಂದು ಹತ್ತು ಬೆರಳಿನ ಅಚ್ಚು ಕೊಟ್ಟು, ಬ್ಯಾಂಕಿನ ಕಾಗದ ತೋರಿಸಿ, ಗಾಜಿನಾಚೆ ನಿಂತವರ ಮುಖ ನೋಡಿ ಹೋದವರು. ಮಾವನವರು ಜಗಲಿಯಿಂದ ಇಳಿಯದೆಯೇ ಬೇರೆ ರಾಜ್ಯ ಸೇರಿದರು. ಅವರು ಯಾವ ಅರ್ಜಿಯನ್ನೂ ಹಾಕಿರಲಿಲ್ಲ. ರೇಷನ್ ಕಾರ್ಡು ಮಲಯಾಳಕ್ಕೆ ತಿರುಗಿತು, 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಸುರಂಗಕ್ಕೆ ಇದೆಲ್ಲ ಗೊತ್ತಾಗಲೇ ಇಲ್ಲ.

ಅಕ್ಟೋಬರಿನಲ್ಲಿ ನೀರಿಲ್ಲವೆಂದರೆ ನಂಬುವವರಾರು? ವರ್ಷಕ್ಕೆ 3,000 ಮಿಲಿಮೀಟರಿಗೆ ಮಿಕ್ಕಿ ಮಳೆ ಸುರಿಯುವ ಊರು ಇದು. ಗುಡ್ಡೆ ತುಂಬಿ ತೊಟ್ಟಿಕ್ಕುತ್ತಿತ್ತು. "ಬೋರು ಹೊಡೆಸಿಬಿಡಿ, ಒಂದೇ ದಿನದ ಕೆಲಸ" ಎಂದು ಹಿತೈಷಿಗಳು ಫೋನಿನಲ್ಲೇ ತೀರ್ಮಾನ ಕೊಟ್ಟರು. ಇವರು ಮಾತ್ರ ಟಾರ್ಚು ಹಿಡಿದು ಗುಡ್ಡೆ ಹತ್ತಿದರು.

ಸುರಂಗದ ಬಾಯಿಯಿಂದ ಸ್ವಲ್ಪ ಒಳಗೆ ಮೇಲಿನ ಮಣ್ಣು ಜರಿದು ಗುಪ್ಪೆ ಬಿದ್ದಿತ್ತು. ನೀರು ಅದರ ಹಿಂದೆ ನಿಂತು, ಪಕ್ಕದ ಬಿರುಕು ಹಿಡಿದು ಬೇರೆಲ್ಲೋ ಹೋಗುತ್ತಿತ್ತು. ಪೈಪಿನ ತುದಿಗೆ ಬೇರು ಸುತ್ತಿಕೊಂಡಿತ್ತು. ಸುರಂಗದ ಕೆಲಸ ಗೊತ್ತಿದ್ದವರನ್ನು ಹುಡುಕುವುದೇ ಒಂದು ಕೆಲಸವಾಯಿತು. ಕೊನೆಗೆ ಬಂದವರಿಗೆ ಅರುವತ್ತು ದಾಟಿತ್ತು. ಒಳಗೆ ಹೊಗುವ ಮೊದಲು ಬಾಯಿಯಲ್ಲಿ ಕುಳಿತು ವೀಳ್ಯ ಹಾಕಿಕೊಂಡು, ಬಾವಲಿಗಳು ಹೊರಗೆ ಹೋಗಲೆಂದು ಸ್ವಲ್ಪ ಹೊತ್ತು ಕಾದರು. ಒಂದೊಂದೇ ಬುಟ್ಟಿ ಕೆಸರು ಹೊರಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ "ನೀರ್ ಉಂಡು ಅಕ್ಕ!" ಎಂಬ ತುಳು ಕೂಗು ಕೇಳಿತು. ಹಿಂದೆಯೇ ಮೈಯೆಲ್ಲ ದೋಸೆ ಹಿಟ್ಟು ಮೆತ್ತಿಕೊಂಡ ಹಾಗೆ ಶೇಡಿ ಮೆತ್ತಿಕೊಂಡು ಅವರೂ ಬಂದರು. ಮೊದಲು ಕೆಂಪು ನೀರು, ಮರುದಿನ ಕಲಗಚ್ಚಿನ ಬಣ್ಣದ್ದು, ಆಮೇಲೆ ತಿಳಿ.

ಸುರಂಗದ ನೀರು ಕುಡಿಯುವವರು ನಾವು ಮಾತ್ರವಲ್ಲ. ಸನಿವೇಲಿನಲ್ಲಿ ಇವರು ಹೊತ್ತು ಹೋಗದೆ, ಮನೆಗೆ ಬರುವ ಕಾಗದಪತ್ರಗಳನ್ನೆಲ್ಲ ಓದುತ್ತಿದ್ದರು. ಹಾಗೆ ಸಿಕ್ಕಿದ್ದು ನೀರಿನವರ ಒಂದು ಪತ್ರ. ಮಗಳ ಊರಿಗೆ ಬರುವ ನೀರಿನ ಒಂದು ಪಾಲು ಯೊಸೆಮಿಟಿಯ ಹೆಚ್ ಹೆಚಿ ಕಣಿವೆಯದು. ಸಾನ್‌ಫ್ರಾನ್ಸಿಸ್ಕೊ ಕಡೆಗೆ ಸುಮಾರು 270 ಕಿಲೋಮೀಟರು ಅದು ಬರಿಯ ಇಳಿಜಾರಿನ ಬಲದಲ್ಲೇ ಬರುತ್ತದೆ. ಅಣೆಕಟ್ಟು 1923ರದ್ದು, ನೀರು ನಗರ ಮುಟ್ಟಿದ್ದು 1934ರ ಅಕ್ಟೋಬರಿನಲ್ಲಿ. ನಡುವೆ ಬೆಟ್ಟಗಳಡಿಯಲ್ಲಿ 40 ಕಿಲೋಮೀಟರಿನಷ್ಟು ಉದ್ದದ ಸುರಂಗ! "ನೋಡು, ಇವರದ್ದೂ ಸುರಂಗದ ನೀರೇ" ಎಂದು ಇವರು ಹಿಗ್ಗಿದರು. ಅಂದಿನಿಂದ ಅಲ್ಲಿಯ ನೀರು ಅವರಿಗೆ ಸಪ್ಪೆ ಅನಿಸಲಿಲ್ಲ. ಅದಕ್ಕಾಗಿ ಒಂದು ಚೆಂದದ ಕಣಿವೆಯನ್ನೇ ಮುಳುಗಿಸಿದರು, ಕಾಡು-ಬೆಟ್ಟ ಉಳಿಸಲು ಹೆಣಗಿದ ಜಾನ್ ಮ್ಯೂರ್ ಕೊನೆಗಾಲದಲ್ಲಿ ಅದರ ವಿರುದ್ಧ ಹೋರಾಡಿ ಸೋತರು ಎಂಬುದನ್ನು ಅಳಿಯ ಹೇಳಿದಾಗ ಹಿಗ್ಗು ಸ್ವಲ್ಪ ಇಳಿಯಿತು.

ಇಂಥ ನೀರಿನ ಸುರಂಗಗಳಿಗೆ ಇರಾನಿನಲ್ಲಿ ಖನಾತ್ ಎನ್ನುತ್ತಾರೆ. 2016ರಲ್ಲಿ ಅವುಗಳಲ್ಲಿ 11ನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬೀದರಿನ ಕರೇಜ್ ಬಹಮನಿ ಸುಲ್ತಾನರ ಕಾಲದ್ದು. ನಮ್ಮ ಸುರಂಗವೂ ಅಲ್ಲಿಂದಲೇ ಬಂದದ್ದೆಂದು ಕೆಲವರು ವಾದಿಸುತ್ತಾರೆ. ಇರಲಿಕ್ಕೂ ಸಾಕು. ಆದರೆ ಅವಕ್ಕೆ ಸಾಲು ಸಾಲು ನೆಟ್ಟನೆಯ ಬಾವಿಗಳು, ಹಿಂದೆ ಒಂದು ಸಾಮ್ರಾಜ್ಯ. ನಮ್ಮದು ಮನೆಖರ್ಚಿನದು. ಯಾವ ಅರಸನೂ ತೋಡಿಸಿದ್ದಲ್ಲ. ಕೂಲಿಯವರೂ ಬೇಸಾಯಗಾರರೂ ಬೇಸಿಗೆಯ ಬಿಡುವಿನಲ್ಲಿ ತೋಡಿದ್ದು. ಮಂಗಳೂರಿನಿಂದ ವಿಟ್ಲದ ಮೇಲೆ ಮನೆಗೆ ಬರುವಾಗ ಸಾರಡ್ಕದ ಗಡಿಗಿಂತ ಮೊದಲು ಅಡ್ಯನಡ್ಕ ಸಿಗುತ್ತದೆ. ಅಲ್ಲಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳಲ್ಲಿ ಹನಿಯೂ ಸಿಗದಿದ್ದರೂ ಬಿಡದೆ ಇನ್ನೊಂದಕ್ಕೆ ಕೈಹಾಕಿದರು, ನೀರು ತಂದರು, ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಗಲಿಡೀ ಇನ್ನೊಬ್ಬರ ತೋಟದಲ್ಲಿ ಕೂಲಿ ಮಾಡಿದ ಮೇಲೆ ಮಾಡಿದ ಕೆಲಸ ಅದು.

ಇಷ್ಟು ಕಷ್ಟದ ನೀರನ್ನು ನಾವು ಬಿಡುತ್ತಿರುವುದು ಅದು ಬತ್ತಿತೆಂದಲ್ಲ, ನೋಡಲು ಹೋಗುವವರಿಲ್ಲವೆಂದು. ನೋಡುವವರಿಲ್ಲದ ಸುರಂಗ ಜರಿಯುತ್ತದೆ, ಜರಿದರೆ ಬೋರು ಹೊಡೆಸುತ್ತೇವೆ, ಬೋರು ಆಳದ ನೀರನ್ನು ಎಳೆದರೆ ಆಚೆಮನೆಯ ಸುರಂಗವೂ ಒಣಗುತ್ತದೆ. ಮೇಲೆ ಮುರಕಲ್ಲಿನ ಕೋರೆ ಬಂದರಂತೂ ಗುಡ್ಡೆಗೆ ಮಳೆ ಕುಡಿಯಲು ಮೈಯೇ ಉಳಿಯುವುದಿಲ್ಲ. ಈ ಸರಪಣಿಯನ್ನು ಆಚೆಯವರು ಮೊದಲು ಕಡಿಯಲಿ ಎಂದು ಎಲ್ಲರೂ ಕಾದು ಕುಳಿತಿದ್ದಾರೆ.

ಮಕ್ಕಳ ಹತ್ತಿರ ಹೋಗಬೇಡಿ ಎಂದು ಹೇಳುವ ಮನಸ್ಸು ನನಗಿಲ್ಲ. ಮೊಮ್ಮಗು ಕುಳಿತುಕೊಳ್ಳಲು ಕಲಿತಿದೆ, ನನ್ನ ಮುಂದಿನ ಟಿಕೆಟಿನ ಮಾತು ಆಗಲೇ ನಡೆಯುತ್ತಿದೆ. ಆದರೆ ಹೊರಡುವವರಲ್ಲಿ ಒಂದು ವಿನಂತಿ. ಬೀಗದ ಕೈ ಕೊಡುವವರ ಕೈಗೆ ಒಂದು ಟಾರ್ಚನ್ನೂ ಕೊಡಿ. ಸುರಂಗದ ಬಾಯಿಗೆ ತಿಂಗಳಿಗೊಮ್ಮೆಯಾದರೂ ಹೋಗಿ ಬೇರು, ಕೆಸರು ನೋಡಲು ಹೇಳಿ. ಒಳಗೆ ಹೊಗುವುದು ಬೇಡ, ಅದು ಕೆಲಸ ಗೊತ್ತಿದ್ದವರಿಗೇ ಇರಲಿ. ಆ ಕೆಲಸ ಗೊತ್ತಿರುವ ಅರುವತ್ತರ ಮೇಲಿನವರು ನಿಮ್ಮ ಊರಲ್ಲಿ ಇನ್ನೂ ಇದ್ದರೆ, ಈ ವರ್ಷವೇ ಅವರನ್ನು ಕರೆಸಿ ಕೆಲಸ ಮಾಡಿಸಿ, ಜೊತೆಗೆ ಕಲಿಯಲು ಒಬ್ಬ ಹುಡುಗನನ್ನೂ ಕೂರಿಸಿ, ಅವನಿಗೂ ಸಂಬಳ ಕೊಡಿ. ಬೋರು ಗಾಡಿಯವರ ನಂಬರು ಆಮೇಲೆ ಹುಡುಕಿದರಾಯಿತು.