ಈಜು ಬಾರದವನ ಜಿಗಿತ

‘ಬುಚ್ ಕ್ಯಾಸಿಡಿ ಆ್ಯಂಡ್ ದ ಸನ್‌ಡ್ಯಾನ್ಸ್ ಕಿಡ್’ ತೆರೆಕಂಡದ್ದು 1969ರಲ್ಲಿ. ನಾವು ನೋಡಿದ್ದು ಅದಾಗಿ ಹತ್ತು ವರ್ಷಕ್ಕೆ, ಬೆಂಗಳೂರು ದಂಡಿನ ಚಿತ್ರಮಂದಿರವೊಂದರ ಬೆಳಗಿನ ಆಟದಲ್ಲಿ. ಮಂಡ್ಯ ಕಡೆಯಿಂದ ಕಾಲೇಜಿಗೆ ಬಂದಿದ್ದ ಗೆಳೆಯ ಪಕ್ಕದಲ್ಲಿ ಕೂತಿದ್ದ.

ಆಗ ನನಗೆ ಕಂಡದ್ದು ಸಾಹಸವೊಂದೇ. ದರೋಡೆಕೋರ ಬುಚ್ ಆಗಿದ್ದ ಪಾಲ್ ನ್ಯೂಮನ್‌ನ ನಗು, ಅವನ ಜೊತೆಗಾರ ಸನ್‌ಡ್ಯಾನ್ಸ್ ಆಗಿದ್ದ ರಾಬರ್ಟ್ ರೆಡ್‌ಫರ್ಡ್‌ನ ಮೀಸೆ. ಮದ್ದು ಹೆಚ್ಚಾಗಿ ರೈಲಿನ ಬೋಗಿಯೇ ಚೂರಾಗಿ ನೋಟುಗಳು ಗಾಳಿಗೆ ಹಾರುವ ದೃಶ್ಯ. ರೈಲು ಕಂಪನಿಯ ಒಡೆಯ ಬಿಟ್ಟ ಪಡೆ ಹಗಲಿರುಳು ಬೆನ್ನು ಬೀಳುತ್ತದೆ. ಅವರ ಮುಖ ಕಾಣುವುದಿಲ್ಲ; ದೂರದ ಧೂಳು, ಲಾಂದ್ರದ ಬೆಳಕು, ಅಷ್ಟೇ. ದಾರಿ ಮುಗಿದು ಇಬ್ಬರೂ ಬಂಡೆಯ ಅಂಚಿನಿಂದ ನದಿಗೆ ಹಾರಿದಾಗ ಚಿತ್ರಮಂದಿರದ ತುಂಬ ಶಿಳ್ಳೆ.

2025ರ ಸೆಪ್ಟೆಂಬರ್‌ನಲ್ಲಿ ರೆಡ್‌ಫರ್ಡ್ ತೀರಿಕೊಂಡರು. ನ್ಯೂಮನ್ 2008ರಲ್ಲೇ ಹೋಗಿದ್ದರು. ಅದೇ ಗೆಳೆಯನನ್ನು ಮನೆಗೆ ಕರೆದು ಮತ್ತೆ ಆ ಸಿನಿಮಾ ಹಾಕಿದೆ.

ಈ ಸಲ ಕಣ್ಣಿಗೆ ಬಿದ್ದದ್ದು ಬೇರೆ. ಎಷ್ಟೋ ದರೋಡೆಗಳಲ್ಲಿ ಜೊತೆಗಿದ್ದ ಬುಚ್, ಸನ್‌ಡ್ಯಾನ್ಸ್ ಇಬ್ಬರಲ್ಲಿ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರುವುದು ತೀರಾ ಕಡಿಮೆ. ಸನ್‌ಡ್ಯಾನ್ಸ್‌ಗೆ ಈಜು ಬಾರದು ಎಂಬುದು ಬುಚ್‌ಗೆ ತಿಳಿಯುವುದು ಆ ಬಂಡೆಯ ತುದಿಯಲ್ಲಿ. ಬುಚ್ ಅದುವರೆಗೆ ಯಾರ ಮೇಲೂ ಗುಂಡು ಹಾರಿಸಿದವನಲ್ಲ ಎಂಬುದು ಸನ್‌ಡ್ಯಾನ್ಸ್‌ಗೆ ತಿಳಿಯುವುದು ಬೊಲಿವಿಯಾದಲ್ಲಿ, ಡಕಾಯಿತರ ಎದುರು ಬಂದೂಕು ಹಿಡಿದು ನಿಂತಾಗ. ಸ್ನೇಹ ದೊಡ್ಡದು ಎಂದು ಚಿತ್ರಕಥೆಗಾರ ವಿಲಿಯಂ ಗೋಲ್ಡ್‌ಮನ್ ಯಾರ ಬಾಯಲ್ಲೂ ಹೇಳಿಸಲಿಲ್ಲ. ಹೇಳದೆ ವಿಧಿಯಿಲ್ಲದಾಗ ಬಾಯಿಗೆ ಬರುವ ಇಂಥ ಸತ್ಯಗಳನ್ನು ಬರೆದರು. ಆ ಚಿತ್ರಕಥೆಗೆ ಆಸ್ಕರ್ ಬಂತು.

ಸಿನಿಮಾ ಅರ್ಧವಾಗಿತ್ತು. ಗೆಳೆಯ ಇದ್ದಕ್ಕಿದ್ದಂತೆ, “ಆವತ್ತು ಇವರ ಒಂದು ಮಾತೂ ನಂಗೆ ಅರ್ಥ ಆಗಿರ್ಲಿಲ್ಲ ಕಣೋ. ನೀನು ನಕ್ಕಾಗ ನಗ್ತಿದ್ದೆ” ಅಂದ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ಅವನೊಂದಿಗೆ ಹತ್ತಾರು ಇಂಗ್ಲಿಷ್ ಸಿನಿಮಾ ನೋಡಿದ್ದೆ. ಒಂದು ಸಲವೂ ನನಗೆ ಅನುಮಾನ ಬಂದಿರಲಿಲ್ಲ.

“ಮತ್ತೆ ಯಾಕೆ ಬರ್ತಿದ್ದೆ?”

“ನೀನು ಕರೀತಿದ್ದೆಯಲ್ಲ.”

ಕೊನೆಯ ದೃಶ್ಯ ಬಂತು. ನಿಜಜೀವನದ ಆ ಇಬ್ಬರು ಸತ್ತದ್ದು 1908ರಲ್ಲಿ, ಬೊಲಿವಿಯಾದ ಸಾನ್ ವಿಸೆಂಟೆಯಲ್ಲಿ ಎಂದು ಬಹುತೇಕ ಇತಿಹಾಸಕಾರರು ನಂಬುತ್ತಾರೆ. ನಿರ್ದೇಶಕ ಜಾರ್ಜ್ ರಾಯ್ ಹಿಲ್ ಆ ಸಾವನ್ನು ತೋರಿಸುವುದಿಲ್ಲ. ಮೈಯೆಲ್ಲ ಗಾಯವಾಗಿದ್ದರೂ ಬುಚ್ ಆಸ್ಟ್ರೇಲಿಯಾಗೆ ಹೋಗುವ ಮಾತೆತ್ತುತ್ತಾನೆ, ಸನ್‌ಡ್ಯಾನ್ಸ್ ಅದಕ್ಕೆ ತಕರಾರು ತೆಗೆಯುತ್ತಾನೆ. ಇಬ್ಬರೂ ಹೊರಗೆ ನುಗ್ಗಿದ ಕೂಡಲೇ ಚಿತ್ರ ನಿಂತುಬಿಡುತ್ತದೆ. ಗುಂಡಿನ ಸದ್ದು ನಿಲ್ಲುವುದಿಲ್ಲ. ಬಣ್ಣ ಇಳಿದು ಹಳೆಯ ಫೋಟೊದ ಕಂದು ಉಳಿಯುತ್ತದೆ.

ಗೆಳೆಯ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ: “ಅವನು ಗುಂಡು ತರೋಕೆ ಓಡಿದಾಗ ಇವನು ಹೊರಗೆ ಬಂದು ಕಾವಲು ನಿಲ್ತಾನಲ್ಲ, ಅದು ಮಾತ್ರ ಆವತ್ತೇ ಅರ್ಥ ಆಗಿತ್ತು.”