ಮಿಯೋಗೆ ಆ ರಕ್ತ ಇಲ್ದೇ ಹೋಗಿದ್ರೆ?

'ಮೈ ಹ್ಯಾಪಿ ಮ್ಯಾರೇಜ್' ಅಂತ ಜಪಾನಿನ ಒಂದು ಅನಿಮೆ ಸೀರೀಸ್ ಇದೆ. 2023ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು, 2025ರಲ್ಲಿ ಎರಡನೇ ಸೀಸನ್ನೂ ಆಯ್ತು. ಟಿ. ನರಸೀಪುರದಲ್ಲಿ ಡಿಗ್ರಿ ಓದ್ತಿರೋ ನಮ್ಮಣ್ಣನ ಮಗಳು, ಅವಳ ಗೆಳತಿಯರು ಎಲ್ಲರ ಬಾಯಲ್ಲೂ ಇದರದ್ದೇ ಹೊಗಳಿಕೆ. "ನೀನೂ ನೋಡು ಚಿಕ್ಕಪ್ಪ, ಇದು ನಮ್ ಕತೇನೇ" ಅಂದ್ಲು. ಜಪಾನಿನ ಸಿರಿವಂತರ ಮನೆ ಕತೆ ನಮ್ಮ ಕೇರಿ ಹುಡುಗಿಗೆ 'ನಮ್ದು' ಅನ್ನಿಸಿದ್ದು ಯಾಕೆ ಅಂತ ತಿಳ್ಕೊಳ್ಳೋಕೆ ನಾನೂ ಕೂತು ನೋಡಿದೆ. ಇಷ್ಟು ಹೊಗಳಿಕೆಗೆ ಇದು ಯೋಗ್ಯವಾ? ಅರ್ಧಕ್ಕೆ ಹೌದು, ಇನ್ನರ್ಧಕ್ಕೆ ಇಲ್ಲ ಅನ್ನೋದು ನನ್ನ ಉತ್ತರ. ಇನ್ನೂ ನೋಡದವರು ಬೇಜಾರಾಗಬೇಡಿ, ಕತೆ ಹೇಳ್ದೇ ಇದನ್ನ ಮಾತಾಡೋಕಾಗಲ್ಲ.

ಮೇಜಿ–ತೈಶೋ ಕಾಲದ ಥರದ ಒಂದು ಕಲ್ಪನೆಯ ಜಪಾನು. ಅಲ್ಲಿ ದೊಡ್ಡ ಮನೆತನದವರಿಗೆ ರಕ್ತದಲ್ಲೇ ಮಾಂತ್ರಿಕ ಶಕ್ತಿ ಬರುತ್ತೆ. ಮಿಯೋ ಅಂಥ ಮನೆಯ ಹಿರಿ ಮಗಳು. ತಾಯಿ ಇಲ್ಲ, ಶಕ್ತಿಯೂ ಕಾಣಿಸ್ಲಿಲ್ಲ. ಅಷ್ಟಕ್ಕೇ ಅವಳನ್ನ ಆಳಿನ ಥರ ದುಡಿಸ್ಕೋತಾರೆ. ಕೊನೆಗೆ ಕ್ರೂರಿ ಅಂತ ಹೆಸರಾದ ಸೇನಾಧಿಕಾರಿ ಕಿಯೋಕಾ ಮನೆಗೆ ಹೆಣ್ಣು ಅಂತ ಅಟ್ತಾರೆ.

ಅಲ್ಲಿ ಅವಳು ಬೆಳಗಿನ ಊಟ ಮಾಡಿಟ್ರೆ, ವಿಷ ಹಾಕಿದ್ದೀಯಾ ಅಂತ ಅನುಮಾನಪಟ್ಟು ಅವನು ಮುಟ್ಟಲ್ಲ. ಆಮೇಲೊಂದು ದಿನ ಉಣ್ತಾನೆ, ರುಚಿಯಾಗಿದೆ ಅಂತಾನೆ. ಅವಳು ಅತ್ತುಬಿಡ್ತಾಳೆ. ನಮ್ಮ ಹುಡುಗಿಯರಿಗೆ ಈ ಕತೆ 'ನಮ್ದು' ಅನ್ನಿಸಿದ್ದು ಇಲ್ಲೇ ಅಂತ ಕಾಣುತ್ತೆ. ನಮ್ಮ ಹಿರಿಯರು ಹೋಟ್ಲಲ್ಲಿ ಬೇರೆ ಲೋಟದಲ್ಲಿ ಟೀ ಕುಡಿದೋರು. ದಲಿತ ಹೆಣ್ಣುಮಗಳು ಬೇಯಿಸಿದ್ಲು ಅಂತ ಮಕ್ಕಳಿಗೆ ಬಿಸಿಯೂಟ ಬಿಡಿಸಿದ ಸುದ್ದಿಯನ್ನ ನಾವು ಪೇಪರ್‌ನಲ್ಲಿ ಓದಿದ್ದೀವಿ. ನಿನ್ನ ಕೈ ಅಡುಗೆ ಚೆನ್ನಾಗಿದೆ ಅನ್ನೋ ಒಂದು ಮಾತಿನ ಬೆಲೆ ನಮಗೆ ಗೊತ್ತು. ತಪ್ಪು ಮಾಡ್ದೇ ಇದ್ರೂ ಮಾತುಮಾತಿಗೂ ತಲೆ ಬಗ್ಗಿಸಿ ಕ್ಷಮೆ ಕೇಳೋ ಮಿಯೋನ ಈ ಸೀರೀಸು ಸತ್ಯವಾಗಿ ತೋರಿಸಿದೆ. ಈ ಅರ್ಧಕ್ಕೆ ಹೊಗಳಿಕೆ ಸಲ್ಲಲೇಬೇಕು.

ಆಮೇಲೇನಾಗುತ್ತೆ? ಮಿಯೋ ತಾಯಿ ಉಸುಬಾ ಅನ್ನೋ ಮಹಾ ಶಕ್ತಿಯ ಮನೆತನದವಳು. ಮಗಳಿಗೂ ಆ ಶಕ್ತಿ ಇತ್ತು, ತಾಯಿಯೇ ಅದನ್ನ ಮುಚ್ಚಿಟ್ಟಿದ್ಲು! ಕಿಯೋಕಾ ಒಳ್ಳೆಯವನೇ, ಇದು ಗೊತ್ತಾಗೋ ಮುಂಚೆಯೇ ಅವಳನ್ನ ಮೆಚ್ಚಿದ್ದ. ಆದ್ರೆ ಕತೆ ಬರೆದವರಿಗೆ ಆ ಪ್ರೀತಿ ಸಾಕು ಅನ್ನಿಸ್ಲಿಲ್ಲ. ಅವಳ ಮರ್ಯಾದೆಗೆ ರಕ್ತದ ಸರ್ಟಿಫಿಕೇಟೂ ತರಿಸಿದ್ರು. ರಕ್ತ ನೋಡಿ ಅವಳನ್ನ ಹೊರಗಿಟ್ಟ ಲೆಕ್ಕವೇ ಅವಳನ್ನ ಒಳಗೂ ಕರ್ಕೊಳ್ತು. ಆ ಲೆಕ್ಕ ಮಾತ್ರ ಹಾಗೇ ಉಳೀತು.

ರಕ್ತದ ಲೆಕ್ಕ ಜಪಾನಿಗೆ ಬರೀ ಮಾಯಾಮಂತ್ರದ ಕತೆಯೇನಲ್ಲ. ಚರ್ಮದ ಕೆಲಸ, ಕಸಾಯಿ ಕೆಲಸ ಮಾಡೋರನ್ನ ಮೈಲಿಗೆ ಅಂತ ಅಲ್ಲೂ ದೂರ ಇಟ್ಟಿದ್ರು. ಬುರಾಕು ಜನ ಅಂತಾರೆ. 1871ರಲ್ಲಿ ಸರ್ಕಾರ ಆ ಭೇದ ರದ್ದು ಮಾಡ್ತು ಅಂದ್ರೂ ಸಮಾಜ ಬಿಡ್ಲಿಲ್ಲ. 1922ರಲ್ಲಿ ಅವರು ಕ್ಯೋಟೋದಲ್ಲಿ 'ಸುಯಿಹೇಷಾ' ಅನ್ನೋ ಸಂಘಟನೆ ಕಟ್ಟಿ ಹೋರಾಟಕ್ಕಿಳಿದ್ರು. ಗಂಡು–ಹೆಣ್ಣಿನ ಮೂಲ ಹುಡುಕಿಸಿ ಮದುವೆ ಮುರಿಯೋದು ಅದಾದ ಎಷ್ಟೋ ವರ್ಷದ ಮೇಲೂ ನಡೀತು. ಆ ಕಾಲವನ್ನ ಹೋಲೋ ಕತೆಯೊಳಗೆ ಇವರ ಕೇರಿ ಕಡೆ ಕ್ಯಾಮೆರಾ ತಿರುಗೋದೇ ಇಲ್ಲ.

ನಾನು ಹುಡುಗಿಗೆ ಹೇಳ್ದೆ: ನಮ್ಮ ನಂಜನಗೂಡು ತಾಲೂಕಿನ ದೇವನೂರಿನವರೇ ಆದ ಮಹಾದೇವ ಅವರು 1984ರಲ್ಲೇ 'ಕುಸುಮಬಾಲೆ' ಬರೆದ್ರು, ನಮ್ಮದೇ ಆಡುಮಾತಲ್ಲಿ. ದಲಿತರ ಚೆನ್ನನಿಗೂ ಮೇಲ್ಜಾತಿ ಕುಸುಮಳಿಗೂ ಪ್ರೀತಿ. ಅಲ್ಲಿ ಚೆನ್ನನ ರಕ್ತ ಆಮೇಲೆ ದೊಡ್ಡ ಮನೇದಾಗಲ್ಲ. ಅದು ಕಣವ್ವ ನಿಜವಾದ ಪ್ರೀತಿ ಕತೆ ಅಂದೆ.

ಅವಳು ಅಂದ್ಲು: "ಓದಿದೀನಿ ಚಿಕ್ಕಪ್ಪ. ಚೆನ್ನನ್ನ ಕೊಂದಾಕ್ತಾರೆ. ನಮ್ಮೋರು ಬದುಕಿ, ಮದ್ವೆಯಾಗಿ, ಖುಷಿಯಾಗಿರೋ ಕತೆ ನಮಗೆ ಬೇಡ್ವಾ?"

ಈ ಮಾತನ್ನ ತಳ್ಳಿಹಾಕೋ ಹಾಗಿಲ್ಲ. 2022ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಪಿರಿಯಾಪಟ್ಟಣ ತಾಲೂಕಲ್ಲಿ 17 ವರ್ಷದ ಹುಡುಗಿಯ ಕೊಲೆಯಾಯ್ತು. ಪಕ್ಕದೂರಿನ ದಲಿತ ಹುಡುಗನ್ನ ಪ್ರೀತಿಸಿದ್ದೇ ಕಾರಣ ಅಂತ ಕೇಸು, ಹೆತ್ತಪ್ಪನೇ ಆರೋಪಿ. 1936ರಲ್ಲೇ ಬಾಬಾಸಾಹೇಬರು ಜಾತಿ ರೋಗಕ್ಕೆ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂತ ಬರೆದ್ರು. 1954ರ ವಿಶೇಷ ವಿವಾಹ ಕಾಯ್ದೆಯೂ ಇದೆ. ಆದ್ರೆ ಅದರಲ್ಲಿ ಮದುವೆಗೆ ಮುಂಚೆ ನೋಟಿಸು ಕೊಟ್ಟು 30 ದಿನ ಕಾಯ್ಬೇಕು, ಜೋಡಿಯ ಹೆಸರು–ವಿಳಾಸ ಆಫೀಸಲ್ಲಿ ಅಂಟಿಸ್ತಾರೆ. ಹುಡುಕ್ಕೊಂಡು ಬರೋರಿಗೆ 30 ದಿನ ಬೇಕಾದಷ್ಟಾಯ್ತು.

ಹಾಗಾಗಿ ಹುಡುಗಿಯರೇ, ಸೀರೀಸು ನೋಡಿ, ಅಳಿ, ಖುಷಿಪಡಿ. ಯಾರೂ ಬೈಯ್ಯೋದು ಬೇಡ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಮಿಯೋಗೆ ಆ ರಕ್ತ ಇಲ್ದೇ ಹೋಗಿದ್ರೂ ಕತೆ ಅವಳ ಕೈ ಹಿಡೀತಿತ್ತಾ? ಯಾವ ಶಕ್ತಿಯೂ ಇಲ್ಲದ, ಯಾವ ದೊಡ್ಡ ಮನೆಗೂ ಸೇರದ ಹುಡುಗಿ, ಮನುಷ್ಯಳು ಅನ್ನೋ ಒಂದೇ ಕಾರಣಕ್ಕೆ ಖುಷಿಯಾಗಿ ಬಾಳೋ ಕತೆ ನಮಗೆ ಬೇಕು. ನಮ್ಮ ಕೇರಿಯಲ್ಲಿ, ನಮ್ಮ ಮಾತಲ್ಲಿ ಅದನ್ನ ನೀವೇ ಬರೀರಿ. ಅಂಥಾ ಮದುವೆ ಆದವರು ನಿಮ್ಮೂರಲ್ಲಿದ್ರೆ ಅವರ ಬೆನ್ನಿಗೆ ನಿಲ್ಲಿ. ನೋಟಿಸಿನ 30 ದಿನ ಕಾಯ್ತಿರೋ ಜೋಡಿ ಇದ್ರೆ, ಅವರಿಗೆ ತಂಗೋಕೆ ಜಾಗ ಕೊಡೋರು ನಾವಾಗೋಣ.

ಜೈ ಭೀಮ್.